ನೋಡಲು ಬಿಡದ ಸಿನಿಮಾ ಕೆಟ್ಟದ್ದು ಅಂತ ಹೇಳಿದವರು ಯಾರು?

ಇವತ್ತು ಬೆಳಿಗ್ಗೆ ಯಾರೋ ಒಬ್ಬರು ಅತಿ ಕೆಟ್ಟ ಸೂಪರ್‌ಹೀರೋ ಸಿನಿಮಾಗಳ ಪಟ್ಟಿ ಹಾಕಿದ್ದರು. ಅದರಲ್ಲಿ ‘ಬ್ಯಾಟ್‌ಗರ್ಲ್’ ಕೂಡ ಇತ್ತು. ಕೆಳಗೆ ಒಂದಷ್ಟು ಜನ ಹೌದು ಹೌದು ಅಂತ ಬರೆದಿದ್ದರು. ಅಲ್ಲ ಸ್ವಾಮಿ, ಆ ಸಿನಿಮಾ ಬಿಡುಗಡೆಯೇ ಆಗಿಲ್ಲ! ಪಟ್ಟಿ ಹಾಕಿದವರು ನೋಡಿಲ್ಲ, ಹೌದು ಅಂದವರು ನೋಡಿಲ್ಲ, ನಾನೂ ನೋಡಿಲ್ಲ. ಯಾರಿಗೂ ನೋಡಲು ಬಿಡಲಿಲ್ಲ ಅನ್ನುವುದೇ ನನ್ನ ಸಿಟ್ಟು. ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಬಾರ್ಬರಾ ಗಾರ್ಡನ್ ಕಾಮಿಕ್ಸ್‌ಗೆ ಬಂದದ್ದು 1967ರಲ್ಲಿ. ಪೊಲೀಸ್ ಕಮಿಷನರ್ ಮಗಳು, ಲೈಬ್ರರಿ ಕೆಲಸ, ರಾತ್ರಿಯಾದರೆ ಬ್ಯಾಟ್‌ಗರ್ಲ್. ಬ್ಯಾಟ್‌ಮ್ಯಾನ್ ಮೇಲೆ ಎಷ್ಟು ಸಿನಿಮಾ ಬಂದವು, ನೀವೇ ಲೆಕ್ಕ ಹಾಕಿ. ಅವಳೇ ನಾಯಕಿಯಾದ ದೊಡ್ಡ ಸಿನಿಮಾ ಒಂದೂ ಬಂದಿಲ್ಲ. 2017ರಲ್ಲಿ ಹಾಲಿವುಡ್ ನಿರ್ದೇಶಕ ಜಾಸ್ ವೀಡನ್ ಮಾಡುತ್ತಾರೆ ಅಂತ ಸುದ್ದಿಯಾಯಿತು. ಮರುವರ್ಷ ಅವರು ಕಥೆ ಹೊಳೆಯುತ್ತಿಲ್ಲ ಅಂತ ಬಿಟ್ಟುಹೋದರು. ಆಮೇಲೆ ಕ್ರಿಸ್ಟಿನಾ ಹಾಡ್ಸನ್ ಬರೆದರು. 2021ರಲ್ಲಿ ಬೆಲ್ಜಿಯಂನ ಆದಿಲ್ ಎಲ್ ಅರ್ಬಿ, ಬಿಲಾಲ್ ಫಲ್ಲಾ ನಿರ್ದೇಶಕರಾದರು. ಇಬ್ಬರೂ ಮೊರೊಕ್ಕೊ ಮೂಲದ ಕುಟುಂಬದಿಂದ ಬಂದ ಹುಡುಗರು. ನಾಯಕಿಯಾಗಿ ಲೆಸ್ಲಿ ಗ್ರೇಸ್. ಬ್ಯಾಟ್‌ಮ್ಯಾನ್ ಆಗಿ ನಮ್ಮ ಹಳೆಯ ಮೈಕೆಲ್ ಕೀಟನ್, ಅಪ್ಪನಾಗಿ ಜೆ.ಕೆ. ಸಿಮನ್ಸ್, ವಿಲನ್ ಬ್ರೆಂಡನ್ ಫ್ರೇಸರ್. ಇಂಥ ತಂಡ ಸುಮ್ನೆ ಸಿಗುತ್ತದಾ?

ಸ್ಕಾಟ್‌ಲೆಂಡಿನ ಗ್ಲಾಸ್ಗೋ ಬೀದಿಗಳನ್ನೇ ಬ್ಯಾಟ್‌ಮ್ಯಾನ್ ಕಥೆಗಳ ಗಾಥಮ್ ನಗರ ಮಾಡಿದರು. ಚಳಿಗಾಲದ ರಾತ್ರಿಗಳಲ್ಲಿ, ಕೋವಿಡ್ ಕಾಟದ ನಡುವೆ ಶೂಟಿಂಗ್. ಅದರಿಂದ ಖರ್ಚೂ ಏರಿ ಸುಮಾರು 9 ಕೋಟಿ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ 700 ಕೋಟಿ ರೂಪಾಯಿಗೂ ಮೇಲೆ. ಲೆಸ್ಲಿ ಏಳು ತಿಂಗಳು ಅಲ್ಲೇ ಇದ್ದಳು. 2022ರ ಮಾರ್ಚ್ ಹೊತ್ತಿಗೆ ಕುಂಬಳಕಾಯಿ ಒಡೆದ ಹಾಗೆ, ಎಲ್ಲಾ ಮುಗಿಯಿತು. ಎಡಿಟಿಂಗ್ ಶುರುವಾಯಿತು.

ಅಷ್ಟರಲ್ಲಿ ಮನೆಯ ಯಜಮಾನರೇ ಬದಲಾದರು. ಏಪ್ರಿಲ್‌ನಲ್ಲಿ ಈ ಸಿನಿಮಾ ಮಾಡಿಸಿದ ವಾರ್ನರ್ ಕಂಪನಿ ಡಿಸ್ಕವರಿ ಜೊತೆ ಸೇರಿತು. ಡೇವಿಡ್ ಝಾಸ್ಲಾವ್ ಮುಖ್ಯಸ್ಥರಾದರು. ಹಳಬರು ಈ ಸಿನಿಮಾವನ್ನು ತಮ್ಮದೇ ಓಟಿಟಿ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ನೇರವಾಗಿ ಹಾಕಲು ಮಾಡಿಸಿದ್ದರು. ಹೊಸಬರಿಗೆ ಅಷ್ಟು ದುಡ್ಡು ಸುರಿದು ಥಿಯೇಟರಿಗೆ ತರದೆ ಓಟಿಟಿಗೆ ಹಾಕುವ ಲೆಕ್ಕವೇ ಬೇಡವಾಗಿತ್ತು. ಆಗಸ್ಟ್ 2ಕ್ಕೆ ಸುದ್ದಿ ಹೊರಬಿತ್ತು. ಬ್ಯಾಟ್‌ಗರ್ಲ್ ಥಿಯೇಟರಿಗೂ ಬರುವುದಿಲ್ಲ, ಓಟಿಟಿಗೂ ಬರುವುದಿಲ್ಲ. ನಷ್ಟ ಅಂತ ತೋರಿಸಿ ತೆರಿಗೆಯಲ್ಲಿ ಉಳಿಸಿಕೊಳ್ಳುತ್ತಾರೆ ಅಂತ ಪತ್ರಿಕೆಗಳು ಬರೆದವು. ಹಾಗೆ ತೋರಿಸಿದ ಮೇಲೆ ಅದರಿಂದ ದುಡ್ಡು ಮಾಡುವ ಹಾಗಿಲ್ಲ. ಅಂದರೆ ಯಾವತ್ತೂ ಇಲ್ಲ.

ಆ ಸುದ್ದಿ ಬಂದಾಗ ನಿರ್ದೇಶಕರು ಮೊರೊಕ್ಕೊದಲ್ಲಿದ್ದರು. ಆದಿಲ್ ಮದುವೆಗೆ! ತಮ್ಮ ಸಿನಿಮಾದ ಒಂದು ಕಾಪಿಯಾದರೂ ಉಳಿಸಿಕೊಳ್ಳೋಣ ಅಂತ ಸರ್ವರ್‌ಗೆ ಹೋದರೆ ಒಳಗೆ ಬಿಡಲಿಲ್ಲ. ಎಲ್ಲಾ ಬಂದ್. ಇದನ್ನು ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿದರು. ನನ್ನ ಹೊಟ್ಟೆಪಾಡು ಎಡಿಟಿಂಗ್ ಅಂತ ನಿಮಗೆಲ್ಲಾ ಗೊತ್ತು. ಅದನ್ನು ಓದಿದಾಗ ನನಗೆ ಕೈ ನಡುಗಿತು ಅಂದರೆ ಜಾಸ್ತಿ ಹೇಳಿದ ಹಾಗಲ್ಲ. ಒಂದು ದೃಶ್ಯಕ್ಕೆ ಸರಿಯಾದ ಕಟ್ ಸಿಗಲು ಎಷ್ಟು ರಾತ್ರಿ ಕೂರಬೇಕು ಅನ್ನುವುದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ನಾನು ಎಡಿಟ್ ಮಾಡಿದ ಒಂದು ಧಾರಾವಾಹಿ ಪ್ರಸಾರವೇ ಆಗಲಿಲ್ಲ. ಡಬ್ಬದಲ್ಲೇ ಉಳಿಯಿತು. ಅದರ ಹೆಸರು ಹೇಳುವುದಿಲ್ಲ, ಆದರೆ ಅದರಲ್ಲಿ ಒಬ್ಬ ಅಜ್ಜಿಯ ಪಾತ್ರ ಮಾಡಿದ ರಂಗಭೂಮಿ ಕಲಾವಿದೆ ಪ್ರತಿ ಸಲ ಸಿಕ್ಕಾಗಲೂ “ಯಾವಾಗ ಬರುತ್ತೆ ಮಗಾ?” ಅಂತ ಕೇಳುತ್ತಿದ್ದರು. ಏನಂತ ಉತ್ತರ ಕೊಡಲಿ?

ಈಗ ಒಂದು ವಾದ ಬರುತ್ತದೆ, ಗೊತ್ತು. ದುಡ್ಡು ಹಾಕಿದವರು ಅವರು, ಏನು ಬೇಕಾದರೂ ಮಾಡಿಕೊಳ್ಳಲಿ, ನಿಮಗೇನು ಕಷ್ಟ? ಸಿನಿಮಾ ಚೆನ್ನಾಗಿದ್ದರೆ ಯಾರಾದರೂ ಬಿಸಾಕುತ್ತಾರಾ? 2023ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್ ತರುವ ಡಿಸಿಯ ಸಿನಿಮಾಗಳ ಹೊಸ ಮುಖ್ಯಸ್ಥರಲ್ಲಿ ಒಬ್ಬರಾದ ಪೀಟರ್ ಸಾಫ್ರನ್ ಕೂಡ ಅದು ಬಿಡುಗಡೆ ಮಾಡುವ ಮಟ್ಟದಲ್ಲಿ ಇರಲಿಲ್ಲ ಅಂದರು. ಸರಿ. ಹಾಗಾದರೆ ಅದೇ ಸ್ಟುಡಿಯೋ ಅದೇ ವರ್ಷ ಅದೇ ಕೀಟನ್ ಇದ್ದ ‘ದಿ ಫ್ಲ್ಯಾಶ್’ ತಂದಿತಲ್ಲ, ಅದಕ್ಕೆ ಎರಡು ಪಟ್ಟಿಗೂ ಹೆಚ್ಚು ದುಡ್ಡು ಸುರಿದು, ಅದು ನೆಲಕಚ್ಚಿತಲ್ಲ? ಚೆನ್ನಾಗಿರುವುದನ್ನು ಮಾತ್ರ ಬಿಡುತ್ತೇವೆ ಅನ್ನುವವರು ಆವಾಗ ಎಲ್ಲಿದ್ದರು? ಇನ್ನೊಂದು ವಿಷಯ. ಬ್ಯಾಟ್‌ಗರ್ಲ್‌ಗೆ ಟೆಸ್ಟ್ ಶೋ ಮಾಡಿದಾಗ ಗ್ರಾಫಿಕ್ಸ್ ಕೆಲಸವೇ ಮುಗಿದಿರಲಿಲ್ಲ. ಅರ್ಧ ಬೆಂದ ಅನ್ನ ತಿಂದು ಅಡುಗೆಯವರನ್ನು ಬೈದರೆ ಹೇಗೆ? ದುಡ್ಡು ಅವರದು, ನಿಜ. ಆದರೆ ಆ ನೂರಾರು ಜನರ ದುಡಿಮೆಗೆ ಸಂಬಳ ಕೊಟ್ಟ ತಕ್ಷಣ ಎಲ್ಲಾ ಚುಕ್ತಾ ಆಯಿತು ಅಂತ ನಾನು ಒಪ್ಪುವುದಿಲ್ಲ. ಲೈಟ್ ಹೊತ್ತವನು ಕೂಡ ತನ್ನ ಮಕ್ಕಳಿಗೆ ಪರದೆ ತೋರಿಸಿ, ಇದು ನಾನು ಮಾಡಿದ್ದು ಅನ್ನಬೇಕು. ಸಿನಿಮಾದವರು ಬದುಕುವುದೇ ಅದಕ್ಕೆ.

ಕೊನೆಗೆ ಅವರಿಗೆ ಸಿಕ್ಕಿದ್ದೇನು ಗೊತ್ತಾ? 2022ರ ಆ ಆಗಸ್ಟ್‌ನಲ್ಲೇ ಕೆಲಸ ಮಾಡಿದವರಿಗೆ ಮಾತ್ರ ಗುಟ್ಟಾಗಿ ಸಿನಿಮಾ ತೋರಿಸಿದರು. ಹಾಲಿವುಡ್‌ನಲ್ಲಿ ಅದಕ್ಕೆ ಶವಸಂಸ್ಕಾರದ ಶೋ ಅಂತಲೇ ಹೆಸರು ಬಿತ್ತು.

ಲೆಸ್ಲಿ ಗ್ರೇಸ್ ಬಗ್ಗೆ ನನಗೆ ಎಲ್ಲಕ್ಕಿಂತ ಬೇಸರ. ಫ್ರೇಸರ್‌ಗೆ ಮರುವರ್ಷ ಆಸ್ಕರ್ ಬಂತು. ನಿರ್ದೇಶಕರು 2024ರಲ್ಲಿ ‘ಬ್ಯಾಡ್ ಬಾಯ್ಸ್’ ಸರಣಿಯ ನಾಲ್ಕನೆಯ ಸಿನಿಮಾ ಮಾಡಿ ಗೆದ್ದರು. ಅವರಿಗೆ ಕೆಲಸ ಬರುತ್ತದೆ ಅಂತ ಊರಿಗೇ ಗೊತ್ತಾಯಿತು. ಅವಳಿಗೆ? ಇಪ್ಪತ್ತರ ಹರೆಯದಲ್ಲಿ ಸಿಕ್ಕ ಅಷ್ಟು ದೊಡ್ಡ ಪಾತ್ರ, ಸ್ಟಂಟ್‌ಗೆ ಮೈ ಮುರಿದು ಕಲಿತದ್ದು, ಎಲ್ಲಾ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಬೀಗ ಹಾಕಿಕೊಂಡಿದೆ. ಈಗ ಅವಳ ಹೆಸರು ಕೆಟ್ಟ ಸಿನಿಮಾಗಳ ಪಟ್ಟಿಯಲ್ಲಿ. ಉತ್ತರ ಕೊಡಲು ಅವಳ ಕೈಯಲ್ಲಿ ಒಂದು ದೃಶ್ಯವೂ ಇಲ್ಲ.

ಇದೇ ಸ್ಟುಡಿಯೋ 2023ರ ನವೆಂಬರ್‌ನಲ್ಲಿ ‘ಕಯೋಟಿ ವರ್ಸಸ್ ಆಕ್ಮಿ’ ಅನ್ನುವ ಮುಗಿದ ಸಿನಿಮಾವನ್ನೂ ಹೀಗೇ ಮೂಲೆಗೆ ತಳ್ಳಿತ್ತು. ಆಗ ಸಿನಿಮಾ ಮಂದಿಯೆಲ್ಲಾ ತಿರುಗಿಬಿದ್ದರು. ಬೇರೆಯವರಿಗೆ ಮಾರಬಹುದು ಅಂತ ಸ್ಟುಡಿಯೋ ಬಗ್ಗಿತು. 2025ರಲ್ಲಿ ಕೆಚಪ್ ಎಂಟರ್‌ಟೈನ್‌ಮೆಂಟ್ ಅನ್ನುವ ಚಿಕ್ಕ ಕಂಪನಿ ಕೊಂಡುಕೊಂಡಿತು. ಗಲಾಟೆ ಮಾಡಿದರೆ ಕೇಳುತ್ತಾರೆ ಅನ್ನುವುದು ಅಲ್ಲಿ ಗೊತ್ತಾಯಿತು. ಬ್ಯಾಟ್‌ಗರ್ಲ್ ತೆರಿಗೆ ಲೆಕ್ಕ ಹೇಗೆ ಬಿಡಿಸುತ್ತೀರೋ ಬಿಡಿಸಿ. ದುಡ್ಡಿಗೆ ಬೇಡವಾದರೆ ಪುಕ್ಕಟೆ ತೋರಿಸಿ, ಯಾವುದಾದರೂ ಫಿಲ್ಮ್ ಆರ್ಕೈವ್‌ಗೆ ಕೊಡಿ. ಗ್ರಾಫಿಕ್ಸ್ ಅರ್ಧ ಇದ್ದರೂ ನನಗೆ ತೊಂದರೆಯಿಲ್ಲ, ಹಸಿರು ಪರದೆ ಕಾಣಿಸಿದರೂ ಕೂತು ನೋಡುತ್ತೇನೆ.