ಲ್ಯಾಬಿನ ಪಟ್ಟಿಯಲ್ಲಿ ಯಾರ ಹೆಸರಿರಬೇಕು?

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಸೇಂಟ್ ಮೇರೀಸ್ ಅಂತ ಒಂದು ವಿಶ್ವವಿದ್ಯಾಲಯ ಇದೆ. ಕಟ್ಟಡಗಳ ತಾರಸಿ ಮೇಲೆ ತೆಳು ಮಣ್ಣು ಹಾಕಿ, ಗಿಡ ಬೆಳೆಸಿ, ಅದರಿಂದ ಊರಿಗೆ ಏನು ಉಪಯೋಗ ಅಂತ ಅಳೆಯುವ ಕೆಲಸ ಅಲ್ಲಿ ಬಹಳ ವರ್ಷಗಳಿಂದ ನಡೆದಿದೆ. ನಾನು ಸಸ್ಯಶಾಸ್ತ್ರ ಓದಿದವನಲ್ಲ. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಕೆಲಸಕ್ಕೆಂದು ಹೊರನಾಡಿಗೆ ಬಂದು ನೆಲೆಸಿದವನು. ಆದರೂ ಇಂಥ ಕೆಲಸ ಎಲ್ಲಿ ಕಂಡರೂ ನಿಂತು ನೋಡುತ್ತೇನೆ. ಊರು ನೆನಪಾಗುತ್ತದೆ, ಜೊತೆಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಅಲ್ಲಿನ ಮೂಲ ವಿಚಾರ ಬಹಳ ಸರಳ. ತಾರಸಿ ಅಂದರೆ ಗಿಡದ ಮಟ್ಟಿಗೆ ಒಂದು ಬಂಡೆ. ಮಣ್ಣು ನಾಲ್ಕಾರು ಇಂಚು. ಬಿಸಿಲು ಜಾಸ್ತಿ, ಗಾಳಿ ಜಾಸ್ತಿ, ಮಳೆ ಬಂದಾಗ ನೀರು ನಿಲ್ಲುತ್ತದೆ, ಹೋದ ಮೇಲೆ ಒಣಗಿ ಹೋಗುತ್ತದೆ. ಹಾಗಾದರೆ ಇಂಥ ಕಷ್ಟದಲ್ಲೇ ಸಾವಿರಾರು ವರ್ಷ ಬದುಕಿದ ಗಿಡ ಎಲ್ಲಿವೆ ಅಂತ ಮೊದಲು ಹುಡುಕಬೇಕು. 2006ರಲ್ಲಿ ಅಲ್ಲಿನ ಪ್ರೊಫೆಸರ್ ಜೆರೆಮಿ ಲಂಡ್‌ಹೋಮ್ ಬರೆದ ಪ್ರಬಂಧದ ತಿರುಳು ಇದು. ಹ್ಯಾಲಿಫ್ಯಾಕ್ಸ್‌ನಿಂದ ಕಾರಲ್ಲಿ ಸ್ವಲ್ಪ ದೂರ ಹೋದರೆ ಅಟ್ಲಾಂಟಿಕ್ ದಂಡೆಯಲ್ಲಿ ಬರೀ ಕಲ್ಲಿನ ಬಯಲು ಸಿಗುತ್ತದೆ. ಒಂದು ಮರ ಇಲ್ಲ. ಕಲ್ಲಿನ ಸಂದಿಯಲ್ಲಿ ನೆಲಕ್ಕೆ ಅಂಟಿಕೊಂಡ ಪೊದೆ, ಹುಲ್ಲು, ಪಾಚಿ. ಆ ಗಿಡಗಳನ್ನೇ ತಾರಸಿಗೆ ತಂದು ಪರೀಕ್ಷೆ ಮಾಡಿದರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಜಾತಿಯ ಗಿಡಕ್ಕಿಂತ ಕೆಲವು ಮಿಶ್ರಣಗಳು ಮಳೆನೀರು ಹಿಡಿಯುವುದರಲ್ಲಿ, ಮಣ್ಣು ತಂಪಾಗಿಡುವುದರಲ್ಲಿ ಚೆನ್ನಾಗಿ ಕೆಲಸ ಮಾಡಿದವು.

ಆದರೆ ನನಗೆ ಇಷ್ಟವಾದದ್ದು ಇದಕ್ಕಿಂತ ಹೆಚ್ಚಾಗಿ ಅಲ್ಲಿನ ಲ್ಯಾಬ್‌ಗಳ ಸದಸ್ಯರ ಪಟ್ಟಿ. ಪ್ರೊಫೆಸರ್ ಇರುತ್ತಾರೆ, ಪಿಎಚ್‌ಡಿಯವರು ಇರುತ್ತಾರೆ, ಸರಿ. ಅದರ ಕೆಳಗೆ ಇನ್ನೂ ಡಿಗ್ರಿ ಮುಗಿಯದ ಹುಡುಗ ಹುಡುಗಿಯರ ಹೆಸರು, ಅವರವರ ಪ್ರಶ್ನೆಯ ಸಮೇತ ಇರುತ್ತದೆ. ಕೆನಡಾದ ವಿಜ್ಞಾನ ಅನುದಾನ ಸಂಸ್ಥೆ ಡಿಗ್ರಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ 14ರಿಂದ 16 ವಾರ ಲ್ಯಾಬಿನಲ್ಲಿ ದುಡಿಯಲು ಸಂಬಳ ಕೊಡುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿ ಗಿಡದ ಟ್ರೇಯನ್ನು ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳುತ್ತಾಳೆ. ನೀರು ಹಾಕಿದ ಮೇಲೆ ಒಮ್ಮೆ, ಮಾರನೇ ದಿನ ಮತ್ತೊಮ್ಮೆ. ಕಡಿಮೆಯಾದ ತೂಕ ಅಂದರೆ ಗಿಡ ಮತ್ತು ಮಣ್ಣು ಸೇರಿ ಗಾಳಿಗೆ ಬಿಟ್ಟ ನೀರು. ಬೇಸರದ ಕೆಲಸ. ಆದರೆ ಆ ಅಂಕಿ ಅವಳದು, ಅದರ ಮೇಲೆ ಅವಳು ಪ್ರಬಂಧ ಬರೆಯುತ್ತಾಳೆ.

ಈಗ ನಮ್ಮ ಕಡೆಗೆ ಬನ್ನಿ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ತಗೊಂಡವರಿಗೆ ಹರ್ಬೇರಿಯಂ ಸಬ್‌ಮಿಷನ್ ಗೊತ್ತೇ ಇರುತ್ತದೆ. ನಮ್ಮ ಅಕ್ಕ ಅದನ್ನು ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತೋಟದ ಬದಿಯಿಂದ ಗಿಡ ಕಿತ್ತು ತರುವುದು, ಹಳೇ ಪೇಪರ್ ಮಧ್ಯೆ ಹರಡಿ ಮೇಲೆ ದಪ್ಪ ಪುಸ್ತಕ, ಅದರ ಮೇಲೆ ಒರಳು ಕಲ್ಲಿನ ಗುಂಡು. ಮಳೆಗಾಲದಲ್ಲಿ ಪೇಪರ್ ದಿನಾ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಡುತ್ತಿದ್ದಳು. ಹಾಳೆಗೆ ಅಂಟಿಸಿ, ಕುಟುಂಬ, ಜಾತಿ, ಸಿಕ್ಕಿದ ಜಾಗ, ತಾರೀಖು ಬರೆದು ಕೊಟ್ಟಳು. ಅಂಕ ಬಂತು. ಹಾಳೆಗಳು ಮುಂದೆ ಏನಾದವು ಅಂತ ಯಾರೂ ಕೇಳಲಿಲ್ಲ.

ಎಂಥ ನಷ್ಟ ನೋಡಿ. ಜಿಲ್ಲೆಯ ಎಲ್ಲಾ ಕಾಲೇಜುಗಳಿಂದ ವರ್ಷ ವರ್ಷ ಬಂದ ಆ ಹಾಳೆಗಳನ್ನು ಒಂದು ಕಡೆ ಇಟ್ಟಿದ್ದರೆ, ಯಾವ ಗಿಡ ಯಾವ ಊರಲ್ಲಿ ಯಾವಾಗ ಹೂ ಬಿಡುತ್ತಿತ್ತು, ಈಗ ಎಲ್ಲಿ ಕಾಣುತ್ತಿಲ್ಲ ಅನ್ನುವ ಲೆಕ್ಕ ಸಿಗುತ್ತಿತ್ತು. ಕೆಲಸ ಮಾಡಿದವರು ನಮ್ಮ ಮಕ್ಕಳೇ. ಆದರೆ ಅವರನ್ನು ಯಾರೂ ಸದಸ್ಯರು ಅಂತ ಎಣಿಸಲಿಲ್ಲ.

ಅಟ್ಲಾಂಟಿಕ್ ದಂಡೆಯ ಬಯಲಿಗೆ ಸಮನಾದದ್ದು ನಮ್ಮಲ್ಲೂ ಇದೆ. ಜಂಬಿಟ್ಟಿಗೆ ಕಲ್ಲಿನ ಹಾಸು, ಅಂದರೆ ಕೆಂಪು ಕಲ್ಲೇ ನೆಲವಾಗಿ ಹರಡಿದ ಬಯಲು. ಸಾಗರ, ಹೊಸನಗರ, ಸೊರಬದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಚಿಯಲ್ಲಿ ನೋಡಿದರೆ ಸುಟ್ಟ ನೆಲ, ಕಾಲಿಡಲು ಆಗುವುದಿಲ್ಲ. ಆಗಸ್ಟಿನಲ್ಲಿ ಅದೇ ಜಾಗಕ್ಕೆ ಹೋಗಿ ಮಂಡಿ ಊರಿ ನೋಡಿ. ಬೆರಳುದ್ದದ ಕಡ್ಡಿಯ ತುದಿಯಲ್ಲಿ ನೀಲಿ ಹೂ. ಪಕ್ಕದಲ್ಲಿ ಎಲೆ ತುಂಬಾ ಕೆಂಪು ಕೂದಲು, ಪ್ರತಿ ಕೂದಲ ತುದಿಗೂ ಅಂಟು ಹನಿ, ಅದರಲ್ಲಿ ಸಿಕ್ಕಿಕೊಂಡ ಸಣ್ಣ ನೊಣ. ಆ ಮಣ್ಣಿನಲ್ಲಿ ಸತ್ವ ಇಲ್ಲದ್ದರಿಂದ ಕೆಲವು ಗಿಡ ಹುಳ ಹಿಡಿದು ಬದುಕುತ್ತವೆ. ಮಳೆ ನಿಂತ ಮೇಲೆ ಕೆಲವು ಬೀಜವಾಗಿ, ಕೆಲವು ಗೆಡ್ಡೆಯಾಗಿ ಉಳಿಯುತ್ತವೆ. ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಬೆಂಕಿ ಬಿಸಿಲು. ಶಿವಮೊಗ್ಗದ ಆರ್‌ಸಿಸಿ ತಾರಸಿಯ ಪಾಡೂ ಅದೇ ಅಲ್ವಾ? ಅಲ್ಲಿ ಬದುಕುವ ಗಿಡ ಈ ಹಾಸಿನಲ್ಲಿರಬಹುದು. ಆದರೆ ನಮಗೆ ಇದು ಖರಾಬು ಜಮೀನು, ಕಲ್ಲು ಕಡಿಯುವ ಜಾಗ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಊರನ್ನು ಹಸಿರು ಮಾಡುವುದು ಅಂದರೆ ನರ್ಸರಿಯಿಂದ ಹುಲ್ಲುಹಾಸು ತಂದು ದಿನಾ ನೀರು ಬಿಡುವುದು, ಇಲ್ಲಾ ಮರದ ಬುಡದವರೆಗೂ ಇಂಟರ್‌ಲಾಕ್ ಕೂರಿಸುವುದು ಅನ್ನುವ ರೂಢಿ ಮಾತ್ರ ಎಲ್ಲಾ ಊರುಗಳ ಹಾಗೆ ಇಲ್ಲೂ ಇದೆ.

ಅಲ್ಲಿ ದುಡ್ಡಿದೆ, ಇಲ್ಲಿಲ್ಲ ಅಂತೀರಿ. ನಿಜ. ನಮ್ಮ ಮೇಷ್ಟ್ರುಗಳಿಗೆ ಪಾಠ, ಮೌಲ್ಯಮಾಪನ, ಚುನಾವಣೆ ಡ್ಯೂಟಿ ಎಲ್ಲಾ ಮುಗಿಸುವಷ್ಟರಲ್ಲಿ ಉಸಿರು ಹೋಗುತ್ತದೆ. ಆದರೆ ಟ್ರೇ, ತಕ್ಕಡಿ, ಥರ್ಮಾಮೀಟರಿಗೆ ಎಷ್ಟು ಬೇಕು? ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ. 2012ರಲ್ಲಿ ಶುರುವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕ್ಯಾಂಪಸ್ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಸುತ್ತಲೂ ಹಾಸು, ಕಾನು ಅನ್ನುವ ದಟ್ಟ ಕಾಡು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ.

ಕೆನಡಾಕ್ಕಿಂತ ನಾವು ಮುಂದೆ ಹೋಗಬಹುದಾದ ಒಂದು ವಿಷಯವೂ ಇದೆ. ನಮ್ಮಲ್ಲಿ ಗಿಡ ಗೊತ್ತಿರುವವರು ಇನ್ನೂ ಮನೆ ಮನೆಯಲ್ಲಿ ಇದ್ದಾರೆ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿ ಕೊಯ್ಯುವವರನ್ನು ನೋಡಿ. ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಇದು ಜೀರಿಗೆ ವಾಸನೆಯದು, ಇಂಥಾ ಹಳ್ಳದ ದಂಡೆಯ ಮರದ್ದು ಅಂತ ಹೇಳುತ್ತಾರೆ. ನಮ್ಮ ದೊಡ್ಡಮ್ಮ ಚಿಗುರು ಕೊಯ್ದು ತಂಬುಳಿ ಮಾಡುವಾಗ ಯಾವ ಸೊಪ್ಪು ಯಾವ ನಕ್ಷತ್ರದ ಮಳೆಗೆ ಏಳುತ್ತದೆ ಅಂತ ಸಲೀಸಾಗಿ ಹೇಳುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗೊಂದು ಸಮಿತಿ, ಆ ಊರಿನ ಗಿಡ, ಪ್ರಾಣಿಗಳ ಒಂದು ದಾಖಲಾತಿ ಇರಬೇಕು. ಒಳ್ಳೆಯದೇ. ಆದರೆ ಅದರಲ್ಲಿ ಇಂಥವರು ಮಾಹಿತಿ ಕೊಟ್ಟು ಮನೆಗೆ ಹೋಗುವವರು. ನನಗೆ ಬೇಕಾದ್ದು ಅವರ ಹೆಸರು ಲ್ಯಾಬಿನ ಪಟ್ಟಿಯಲ್ಲಿ, ಪ್ರೊಫೆಸರ ಹೆಸರಿನ ಜೊತೆ ಇರುವುದು. ಬಂದ ದಿನಕ್ಕೆ ಅವರಿಗೆ ಗೌರವಧನ ಸಿಗಬೇಕು. ಪ್ರಬಂಧ ಬರೆದರೆ ಅದರಲ್ಲೂ ಅವರ ಹೆಸರು ಬರಬೇಕು.

ಹೊರನಾಡ ಕನ್ನಡಿಗರಿಗೆ ನನ್ನ ಕೇಳಿಕೆ ಇಷ್ಟೇ. ರಾಜ್ಯೋತ್ಸವದ ಊಟ, ಹಾಲ್ ಬಾಡಿಗೆಗೆ ನಾವು ಸಂತೋಷವಾಗಿ ದುಡ್ಡು ಹಾಕುತ್ತೇವೆ. ಹಾಗೇ ಮಲೆನಾಡಿನ ಒಂದು ಕಾಲೇಜಿನ ಇಬ್ಬರು ಡಿಗ್ರಿ ಮಕ್ಕಳಿಗೆ ಒಂದು ಮಳೆಗಾಲದ ಸಂಬಳ, ಅವರ ಜೊತೆ ಕಲ್ಲುಹಾಸಿನ ಬಯಲಿಗೆ ಹೋಗಿ ಗಿಡ ತೋರಿಸುವ ಒಬ್ಬ ಹಿರಿಯರಿಗೆ ದಿನಗೂಲಿ, ಕಾಲೇಜಿನ ತಾರಸಿ ಮೇಲೆ ಹತ್ತು ಟ್ರೇ. ಜೂನ್ ಮೊದಲ ವಾರ ಶುರು ಮಾಡಿದರೆ ದೀಪಾವಳಿ ಹೊತ್ತಿಗೆ ಮೊದಲ ಲೆಕ್ಕ ಕೈಗೆ ಬರುತ್ತದೆ. ಮೊದಲ ವಿದ್ಯಾರ್ಥಿಯ ಪೂರ್ತಿ ಖರ್ಚು ನಾನು ಕೊಡುತ್ತೇನೆ. ಎರಡನೆಯದಕ್ಕೆ ನಿಮ್ಮಲ್ಲಿ ಯಾರು ಬರುತ್ತೀರಿ, ತಿಳಿಸಿ. ಪ್ರಿನ್ಸಿಪಾಲರ ಹತ್ತಿರ ಮಾತಾಡುವ ಜವಾಬ್ದಾರಿ ಅಕ್ಕ ವಹಿಸಿಕೊಂಡಿದ್ದಾಳೆ.