ಕುತ್ತಿಗೆ ಇಲ್ಲದ ನವಿಲು

ಖಂಡೇನವಮಿಗೆ ಎರಡು ದಿನ ಇತ್ತು. ಅವ್ವ ಹಿಂದಿನ ಖೋಲಿಯ ಬಾಗಿಲು ತೆಗೆದಳು, ಒಳಗೆ ಇಣುಕಿದಳು, ಮತ್ತೆ ಮುಚ್ಚಿದಳು. "ಪೂಜಿ ಮಗ್ಗಕ್ಕ ಮಾಡ್ತೀಯೋ, ಜ್ಯಾಡಕ್ಕ ಮಾಡ್ತೀಯೋ?" ಅಂತ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿ ಹೋದಳು.

ಆ ಖೋಲಿಗೆ ನಾನಿಟ್ಟ ಹೆಸರು ಸ್ಟುಡಿಯೋ. ಮನೆಯ ಉಳಿದವರಿಗೆ ಅದು ದಾರದ ಖೋಲಿ. ಹತ್ತಡಿ ಉದ್ದ, ಎಂಟಡಿ ಅಗಲ. ಒಳಗೆ ಒಂದು ಟೇಬಲ್ ಮಗ್ಗ, ಗೋಡೆಗೆ ನಿಲ್ಲಿಸಿದ ಒಂದು ಕಟ್ಟಿಗೆಯ ಚೌಕಟ್ಟು, ಒಂದು ರಾಟೆ, ಆಮೇಲೆ ಲಡಿ ಲಡಿ ನೂಲು. ನೂಲಿನ ಅಂಗಡಿಗೆ ಹೋದರೆ ನನಗಿರುವುದು ಎರಡೇ ಕೈ ಅನ್ನುವುದು ಮರೆತುಹೋಗುತ್ತದೆ.

ಗುಡಿಸುವುದು ಸುಲಭವಾಗಿಯೇ ಶುರುವಾಯಿತು. ಖಾಲಿ ಕಂಡಿಕೆಗಳೆಲ್ಲ ಒಂದು ಡಬ್ಬಿಗೆ, ಲಾಳಿಗಳು ಇನ್ನೊಂದಕ್ಕೆ. ಮೂಲೆಯ ಬುಟ್ಟಿಯಲ್ಲಿದ್ದ ಅರಿಶಿನ ಬಣ್ಣದ ಲಡಿ ಎತ್ತಿದರೆ ಮಧ್ಯೆ ದುಂಡಗೆ ಒಂದು ಗುಳಿ. ಯಾವುದೋ ಇಲಿ ಅಲ್ಲಿ ಬಾಣಂತನ ಮುಗಿಸಿಕೊಂಡು ಹೋಗಿತ್ತು. ಈ ಖೋಲಿಯಲ್ಲಿ ಹಿಡಿದ ಕೆಲಸ ಪೂರ್ತಿ ಮಾಡಿದ್ದು ಅದೊಂದೇ.

ಕಷ್ಟ ಶುರುವಾಗಿದ್ದು ಮಗ್ಗದ ಮೇಲಿನ ಹಳೆ ಬೆಡ್‌ಶೀಟ್ ಎಳೆದಾಗ. ಕೆಳಗೆ ಅಕ್ಕನ ಮಗಳ ಮದುವೆಗೆ ಅಂತ ಹಾಕಿದ ಶಾಲು. ಅವಳ ಮಗುವಿಗೆ ಈಗ ಹಾಲುಹಲ್ಲು ಬೀಳುತ್ತಿವೆ. ಇಪ್ಪತ್ತು ಇಂಚು ಅಗಲ, ಇಂಚಿಗೆ 24ರಂತೆ 480 ಎಳೆ. ಒಂದೊಂದು ಎಳೆಯನ್ನೂ ಮೊದಲು ಅದನ್ನು ಮೇಲೆ ಕೆಳಗೆ ಆಡಿಸುವ ದಾರದ ಕುಣಿಕೆಯ ಕಣ್ಣಿನಲ್ಲಿ, ಆಮೇಲೆ ನೇಯ್ದ ಎಳೆ ಬಡಿದು ಕೂರಿಸುವ ಬಾಚಣಿಗೆಯಂಥ ಹಣಿಗೆಯಲ್ಲಿ ತೂರಿಸಬೇಕು. ಅಂದರೆ 960 ಸಲ ಸೂಜಿಗೆ ದಾರ ಪೋಣಿಸಿದ ಹಾಗೆ. ಅಷ್ಟು ಮಾಡಿ ನಾನು ನೇಯ್ದದ್ದು ಒಂದು ಗೇಣು.

ಜೀವನದಲ್ಲಿ ಹಾಸುಹೊಕ್ಕಾಗಿದೆ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಉದ್ದಕ್ಕೆ ಬಿಗಿಯುವ ಎಳೆ ಹಾಸು, ಅಡ್ಡಕ್ಕೆ ಓಡುವ ಎಳೆ ಹೊಕ್ಕು. ನನ್ನ ಖೋಲಿಯಲ್ಲಿ ಹಾಸಿಗೇನೂ ಬರವಿಲ್ಲ. ಹೊಕ್ಕಿನದೇ ತೊಂದರೆ.

ಬಗ್ಗಿ ನೋಡಿದೆ. ನೇಯ್ಗೆ ನಿಂತಲ್ಲಿ, ಅಂಚಿನಿಂದ ಅಂಚಿಗೆ, ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಕಂದು ಗೆರೆ. ಹಣಿಗೆ ಉಕ್ಕಿನದು. ಕೊನೆಯ ಸಲ ಬಡಿದು, ಹಾಗೇ ಬಟ್ಟೆಗೆ ಒರಗಿಸಿ, ಚಹಾ ಕುಡಿದು ಬರೋಣ ಅಂತ ಎದ್ದು ಹೋಗಿದ್ದೆ. ಆಮೇಲೆ ಧಾರವಾಡದ ಎಷ್ಟೋ ಮಳೆಗಾಲ ಬಂದು ಹೋದವು. ಇಲ್ಲಿನ ಜಿಟಿಜಿಟಿ ಮಳೆಗೆ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಉಕ್ಕಿಗೆ ತುಕ್ಕು ಹಿಡಿಯದೆ ಇರುತ್ತದೆಯೇ? ನಾನು ಬರೆದಿಡದ ತಾರೀಖನ್ನು ಅದು ಬರೆದಿಟ್ಟಿತ್ತು.

ಸರಿ, ಲಾಳಿ ಹಿಡಿದು ನಾಲ್ಕು ಎಳೆ ಹಾಕಿ ನೋಡಿದೆ. ಇನ್ನೊಂದು ವಿಷಯ ಗೊತ್ತಾಯಿತು. ಅವತ್ತಿನ ಕೈ ಬೇರೆ, ಇವತ್ತಿನ ಕೈ ಬೇರೆ. ಗೆರೆಯ ಕೆಳಗೆ ನೇಯ್ಗೆ ಗಟ್ಟಿ, ಆಗ ಎಲ್ಲದರಲ್ಲೂ ಅವಸರ, ಬಡಿತ ಜೋರು. ಗೆರೆಯ ಮೇಲೆ ಸಡಿಲ. ಮೊಣಕೈ ನೋವು ಅಂತ ಅಂದುಕೊಳ್ಳಬಹುದು, ಸಮಾಧಾನ ಬಂದಿದೆ ಅಂತಲೂ ಅಂದುಕೊಳ್ಳಬಹುದು. ಬಟ್ಟೆಗೆ ಎರಡೂ ಒಂದೇ. ಹತ್ತಿರದ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಅದಕ್ಕೆ ಎಳೆಯ ಲೆಕ್ಕ, ತೂಕ, ಬಣ್ಣ ಎಲ್ಲವೂ ಸರ್ಕಾರ ಗೊತ್ತು ಮಾಡಿದ ಅಳತೆಗೆ ಸರಿಯಾಗಿ ಇರಬೇಕು. ನನ್ನ ಶಾಲು ಅಲ್ಲಿಗೆ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ.

ಗೋಡೆಯ ಚೌಕಟ್ಟಿನಲ್ಲಿ ನವಿಲು ನಿಂತಿತ್ತು. ಇದಕ್ಕೆ ಕಾರಣ ನವಲಗುಂದ. ನಮ್ಮ ಜಿಲ್ಲೆಯದೇ ಊರು, ಜಮಖಾನೆಗೆ ಹೆಸರುವಾಸಿ. ಅಲ್ಲಿ ನೇಯುವವರು ಹೆಂಗಸರು. ಮಗ್ಗ ನೆಟ್ಟಗೆ ಗೋಡೆಯ ಹಾಗೆ ನಿಂತಿರುತ್ತದೆ, ಅವರು ಅದರ ಮುಂದೆ ಕೂತು ಪಂಜಾ ಅನ್ನುವ ಹಲ್ಲಿನ ಸಲಕರಣೆಯಿಂದ ದಪ್‌ ದಪ್‌ ಅಂತ ಎಳೆ ಬಡಿದು ಕೂರಿಸುತ್ತಾರೆ. ಪಗಡೆ ಹಾಸು, ನವಿಲು, ಎಲ್ಲ ಅವರ ಬೆರಳಲ್ಲೇ ಇರುತ್ತವೆ. ಒಂದು ಮಧ್ಯಾಹ್ನ ಕೂತು ನೋಡಿದ್ದೆ. ನೋಡಿದ್ದಕ್ಕೆ ನನಗೂ ಬರುತ್ತದೆ ಅನ್ನುವ ಭ್ರಮೆ ಹತ್ತಿತು. ಬಡಗಿಯಿಂದ ಚೌಕಟ್ಟು ಮಾಡಿಸಿದೆ. ಕೆಳಗಿನಿಂದ ಮೇಲೆ ನೇಯ್ಗೆ ಏರಬೇಕಲ್ಲ, ಮೊದಲು ಪಾದ ಬಂತು, ಕಾಲು ಬಂತು, ಹೊಟ್ಟೆ ಬಂತು. ಬಾಲವೂ ಒಂದಿಷ್ಟು ಬಂತು. ಕುತ್ತಿಗೆಗೆ ನೀಲಿ ನೂಲು ಕಡಿಮೆ ಬಿತ್ತು. ತರುತ್ತೇನೆ ಅಂತ ಹೋದವಳು ತಂದೆ ಕೂಡ. ಆದರೆ ಆ ನೀಲಿ ಬೇರೆ, ಈ ನೀಲಿ ಬೇರೆ. ಅಂದಿನಿಂದ ಅದು ರುಂಡ ಇಲ್ಲದೆ ನಿಂತಿದೆ. ಮನೆಗೆ ಬಂದ ಮಕ್ಕಳು ಅದನ್ನು ಕೋಳಿ ಅನ್ನುತ್ತಾರೆ. ನಾನು ತಿದ್ದುವುದಿಲ್ಲ.

ಇನ್ನೂ ಒಂದೆರಡು ಇದ್ದವು. ಒಂದು ಟವೆಲ್, ಒಂದು ಚೀಲ. ಅವುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ.

ಎಲ್ಲವನ್ನೂ ಕತ್ತರಿಸಿ ಚೀಲಕ್ಕೆ ತುಂಬಿಬಿಡೋಣ ಅನ್ನಿಸಿತು. ಖೋಲಿ ಸ್ವಚ್ಛ, ತಲೆಯೂ ಸ್ವಚ್ಛ. ಕತ್ತರಿ ಹಿಡಿದು ಶಾಲಿನ ಮುಂದೆ ನಿಂತೆ. ಆಗ ಇಳಕಲ್ ನೆನಪಾಯಿತು.

ಇಳಕಲ್ ಸೀರೆಯ ವಿಶೇಷ ಅದರ ಸೆರಗು. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಪ್ರತಿ ಸೀರೆಗೂ ಹಾಸು ಹೊಸದಾಗಿ ಕಟ್ಟಬೇಕು. ಅಲ್ಲಿ ಒಂದು ಮನೆಯಲ್ಲಿ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿ ಮಗ್ಗದ ಮುಂದೆ ಅಜ್ಜಿಯೊಬ್ಬರು ಕೂತಿದ್ದರು. ಸೀರೆ ಮುಗಿದು ಕೊಯ್ದು ಆಗಿತ್ತು. ಆದರೆ ಹಣಿಗೆಯಿಂದ ಹಳೆ ಹಾಸಿನ ತುದಿಗಳು ಇನ್ನೂ ಜೋತಾಡುತ್ತಿದ್ದವು. ಅಜ್ಜಿ ಬೂದಿಯಲ್ಲಿ ಬೆರಳು ಅದ್ದಿ, ಒಂದು ಹಳೆ ಎಳೆ, ಒಂದು ಹೊಸ ಎಳೆ ಸೇರಿಸಿ ಹೊಸೆಯುತ್ತಿದ್ದರು. ಗಂಟಿಲ್ಲ, ಬರೀ ಒಂದು ತಿರುವು. ಹೀಗೆ ಸೇರಿಸಿ ಎಳೆದರೆ ಹೊಸ ಹಾಸು ಹಳೆಯದರ ಬಾಲ ಹಿಡಿದು ಹಣಿಗೆ ದಾಟುತ್ತದೆ. ಮತ್ತೆ ಪೋಣಿಸುವ ಕೆಲಸವೇ ಇಲ್ಲ.

ನಾನು ಆಗ, ಇಷ್ಟು ಉಳಿಸಿದ್ದೀರಲ್ಲ, ಇದನ್ನೂ ನೇಯಬಹುದಿತ್ತಲ್ವಾ ಅಂದಿದ್ದೆ. ಅಜ್ಜಿ ನಕ್ಕುಬಿಟ್ಟರು. ಮಗ್ಗ ಪೂರ್ತಿ ಬರಿದು ಮಾಡುವುದು ಆ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಬರಿದಾದ ಮಗ್ಗ ಅಂದರೆ ನೂಲು ಬಂದಿಲ್ಲ, ಕೆಲಸ ಇಲ್ಲ, ಕೂಲಿ ಇಲ್ಲ ಅಂತ ಅರ್ಥ. ಮಗ್ಗದ ಮೇಲೆ ಅರ್ಧ ಸೀರೆ ಇದ್ದರೆ ನಾಳೆಯ ಸಂತೆಗೆ ದಾರಿ ಇದೆ. ಅರ್ಧ ಉಳಿದದ್ದಕ್ಕೆ ನಾಚಿಕೆ ಪಡುವುದು ನನ್ನಂಥ ಹವ್ಯಾಸಿಗಳ ಚಾಳಿ. ಹೊಟ್ಟೆಪಾಡಿಗೆ ನೇಯುವವರು ಅರ್ಧ ಬಟ್ಟೆ ಕಂಡು ನಿಶ್ಚಿಂತೆಯಿಂದ ಮಲಗುತ್ತಾರೆ.

ಹಾಗಂತ ನನ್ನ ಸೋಮಾರಿತನಕ್ಕೆ ಅಜ್ಜಿಯ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಅವರು ಮರುದಿನ ಬೆಳಿಗ್ಗೆ ಮಗ್ಗಕ್ಕೆ ಇಳಿಯುತ್ತಾರೆ. ನಾನು ಇಳಿಯುವುದಿಲ್ಲ.

ಅಷ್ಟರಲ್ಲಿ ಅವ್ವ ಬಂದು ಕತ್ತರಿ ಕೇಳಿದಳು. ತೊಳೆದು, ಒರೆಸಿ, ಪೂಜೆಗೆ ಇಡಬೇಕಂತೆ. ಈಳಿಗೆಮಣಿ, ಸ್ಕ್ರೂಡ್ರೈವರ್, ತಮ್ಮನ ಬೈಕಿನ ಕೀಲಿ ಎಲ್ಲದರ ಜೊತೆ ಅದೂ ಮಣೆಯ ಮೇಲೆ ಹೋಗಿ ಕೂತಿತು. ಪೂಜೆಗೆ ಕೂತ ಆಯುಧ ಅವತ್ತು ಮುಟ್ಟುವ ಹಾಗಿಲ್ಲ. ನನಗೇನು ಬೇಜಾರಾಗಲಿಲ್ಲ.

ಖಂಡೇನವಮಿ ದಿನ ಮಗ್ಗಕ್ಕೆ ವಿಭೂತಿ, ಕುಂಕುಮ ಹಚ್ಚಿದೆವು. ತುಕ್ಕು ಗೆರೆಯ ಮೇಲೆ ಒಂದು ಎಳೆ ಚೆಂಡುಹೂವಿನ ಮಾಲೆ ಬಂತು. ಚೌಕಟ್ಟಿಗೆ ಹೂವು ಸಾಲಲಿಲ್ಲ. ಅವ್ವ ಉಳಿದಿದ್ದ ಒಂದೇ ಹೂವನ್ನು ತೆಗೆದುಕೊಂಡು, ನವಿಲಿನ ಹೊಟ್ಟೆಯಿಂದ ಒಂದು ಗೇಣು ಮೇಲೆ, ಬರೀ ಹಾಸಿನ ನಡುವೆ ಸಿಗಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ತಲಿ ಬಂತ ನೋಡು. ಇನ್ನ ಕುತಗಿ ಒಂದ ನೀ ಮಾಡು."