ದೊರೆಗೆ ‘ಆಗಲ್ಲ’ ಅನ್ನುವವರು ಯಾರು?

ರಸ್ತೆ ಕುಸಿದಾಗ, ಕೆರೆಯಲ್ಲಿ ನೊರೆ ಉಕ್ಕಿದಾಗಲೆಲ್ಲ ಬೆಂಗಳೂರಿನಲ್ಲಿ ಒಂದು ಮಾತು ಕೇಳಿಬರುತ್ತದೆ: ಮಹಾರಾಜರ ಕಾಲವೇ ಚೆನ್ನಾಗಿತ್ತು. ಈಗೀಗ ಈ ಮಾತಿಗೆ ಲಿಬರ್ಟೇರಿಯನ್ ತರ್ಕವೂ, ಅಂದರೆ ಸರ್ಕಾರದ ಅಧಿಕಾರ ಆದಷ್ಟೂ ಕಡಿಮೆಯಿರಬೇಕು ಅನ್ನುವವರ ತರ್ಕವೂ, ಸೇರಿಕೊಂಡಿದೆ. ಜರ್ಮನ್ ಮೂಲದ ಅರ್ಥಶಾಸ್ತ್ರಜ್ಞ ಹಾನ್ಸ್-ಹರ್ಮನ್ ಹೊಪ್ಪೆ ಮುಂದಿಟ್ಟ ವಾದ ಅದು. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಸ್ವಂತ ಮನೆಗೂ ಭೋಗ್ಯದ ಮನೆಗೂ ಇರುವ ವ್ಯತ್ಯಾಸ. ತಾರಸಿ ಸೋರಿದರೆ ಸ್ವಂತ ಮನೆಯವನು ಸಾಲ ಮಾಡಿಯಾದರೂ ರಿಪೇರಿ ಮಾಡಿಸುತ್ತಾನೆ, ಮೊಮ್ಮಕ್ಕಳ ಕಾಲಕ್ಕೂ ಮನೆ ನಿಲ್ಲಬೇಕಲ್ಲ. ಮೂರು ವರ್ಷದ ಭೋಗ್ಯಕ್ಕೆ ಬಂದವನು ಕೆಳಗೊಂದು ಬಕೆಟ್ ಇಟ್ಟು ದಿನ ತಳ್ಳುತ್ತಾನೆ. ರಾಜ ಸ್ವಂತ ಮನೆಯವನು, ಮಂತ್ರಿ ಐದು ವರ್ಷದ ಭೋಗ್ಯದವನು, ಅದಕ್ಕೇ ಪ್ರಜಾಪ್ರಭುತ್ವದಲ್ಲಿ ಸಾಲ ಬೆಳೆಯುತ್ತದೆ ಅನ್ನುವುದು ಹೊಪ್ಪೆ ಅವರ ವಾದದ ತಿರುಳು.

ಸರ್ಕಾರದ ಕೈ ಚಿಕ್ಕದಾಗಿರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೂ ಈ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಮೈಸೂರು ಸಂಸ್ಥಾನದ ಚರಿತ್ರೆಯೇ ಅದಕ್ಕೆ ಅಡ್ಡ ನಿಲ್ಲುತ್ತದೆ.

ಒಳ್ಳೆಯದನ್ನು ಮೊದಲು ಹೇಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) 371 ಎಕರೆ ಜಾಗ ಕೊಟ್ಟದ್ದೂ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವೇ. ಆದರೆ ಇದೆಲ್ಲ ಮಾಡಿದ ಅರಸರು ಹೊಪ್ಪೆ ಹೇಳುವ ಅರ್ಥದಲ್ಲಿ ‘ಮಾಲೀಕ’ರಾಗಿದ್ದರೇ? ಮಲೆನಾಡಿನ ನಗರ ಸೀಮೆಯ ರೈತರ ಬಂಡಾಯದ ನಂತರ 1831ರಲ್ಲಿ ದುರಾಡಳಿತದ ಕಾರಣ ಕೊಟ್ಟು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಅದು ಮನೆತನಕ್ಕೆ ವಾಪಸ್ ಬಂದದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ, ಅದೂ ಷರತ್ತುಗಳ ಪತ್ರದೊಂದಿಗೆ. ಆಮೇಲೂ ವರ್ಷಕ್ಕೆ 35 ಲಕ್ಷ ರೂಪಾಯಿವರೆಗೆ ಬ್ರಿಟಿಷರಿಗೆ ಪೊಗದಿ (ಕಪ್ಪ) ಕಟ್ಟಬೇಕಿತ್ತು. ತಪ್ಪಿದರೆ ಗಾದಿ ಹೋಗುತ್ತದೆ ಅನ್ನುವ ಭಯ ಅವರಿಗೆ ನಿಜವಾಗಿ ಇತ್ತು. ಆ ಒಳ್ಳೆಯ ಆಡಳಿತದ ಹಿಂದೆ ಅರಸರ ವೈಯಕ್ತಿಕ ಗುಣ ಇತ್ತು, ಮೇಲಿನಿಂದ ಬಿಗಿಹಿಡಿದ ಲಗಾಮೂ ಇತ್ತು. ‘ರಾಜ್ಯ ಸ್ವಂತ ಆಸ್ತಿ’ ಅನ್ನುವುದೊಂದು ಮಾತ್ರ ಇರಲಿಲ್ಲ.

ಮೇಲಿನಿಂದ ಇದ್ದ ಲಗಾಮು ಕೆಳಗಿನಿಂದ ಇರಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು, ಅದು ದೊಡ್ಡ ಹೆಜ್ಜೆಯೇ. ಆದರೆ ಆ ಸಭೆ ಅಹವಾಲು ಹೇಳಬಹುದಿತ್ತು, ಕೇಳಿಕೊಳ್ಳಬಹುದಿತ್ತು. ಒಂದು ತೆರಿಗೆಯನ್ನಾಗಲಿ ಕಾನೂನನ್ನಾಗಲಿ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಇದರ ಫಲ 1908ರಲ್ಲಿ ಕಂಡಿತು. ಜನ ಇವತ್ತಿಗೂ ಕೈಮುಗಿಯುವ ಅದೇ ನಾಲ್ವಡಿಯವರ ಆಳ್ವಿಕೆಯಲ್ಲಿ, ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ, ಪತ್ರಿಕಾ ನಿಯಂತ್ರಣ ಕಾಯ್ದೆ ಬಂತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕು, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂಪಡೆಯಲೂಬಹುದು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮೂವತ್ತು ವರ್ಷದ ನಂತರ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು.

ಹಾಗಾದರೆ ಅರಸೊತ್ತಿಗೆ ಹೋದ ಮೇಲೆ ಎಲ್ಲ ಸರಿಹೋಯಿತೇ? ಇಲ್ಲ. 1951ರ ಜೂನ್‌ನಲ್ಲಿ, ಮೊದಲ ಮಹಾಚುನಾವಣೆ ನಡೆಯುವ ಮುಂಚೆಯೇ, ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ವಾಕ್‌ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿದರು. ಪತ್ರಿಕೆಗಳ ಮೇಲಿನ ಸರ್ಕಾರಿ ಆದೇಶಗಳನ್ನು ಸುಪ್ರೀಂ ಕೋರ್ಟ್ ಅದಕ್ಕೆ ಹಿಂದಿನ ವರ್ಷವಷ್ಟೇ ರದ್ದು ಮಾಡಿತ್ತು. ಅದೇ ತಿದ್ದುಪಡಿಯಲ್ಲಿ 9ನೇ ಅನುಸೂಚಿಯೂ ಹುಟ್ಟಿತು, ಮೂಲಭೂತ ಹಕ್ಕಿನ ಹೆಸರಿನಲ್ಲಿ ಕೋರ್ಟು ರದ್ದು ಮಾಡದಂತೆ ಕಾನೂನುಗಳನ್ನು ಸೇರಿಸಿಡುವ ಪಟ್ಟಿ ಅದು.

ಆಸ್ತಿಯ ವಿಷಯಕ್ಕೆ ಬಂದರೆ ಬೆಂಗಳೂರು ಅರಮನೆಯನ್ನೇ ನೋಡಿ. 1996ರ ಸ್ವಾಧೀನ ಕಾಯ್ದೆ 472 ಎಕರೆ 16 ಗುಂಟೆಗೆ 11 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಎಕರೆಗೆ 43,560 ಚದರಡಿಯಂತೆ ಗುಣಿಸಿ ಭಾಗಿಸಿದರೆ ಚದರಡಿಗೆ ಐದೂಕಾಲು ರೂಪಾಯಿ ಚಿಲ್ಲರೆ. ರಾಜಮನೆತನ ಅಂತ ಯಾರೂ ಕನಿಕರ ಪಡಬೇಕಾಗಿಲ್ಲ. ಆದರೆ ಹೈಕೋರ್ಟು, ಸುಪ್ರೀಂ ಕೋರ್ಟು ಸುತ್ತುವ ಶಕ್ತಿಯಿದ್ದ ಮನೆತನಕ್ಕೇ ಈ ದರ ಕಟ್ಟಿದ ಕೈ, ಬಡಾವಣೆಗೆ ಜಮೀನು ಬಿಟ್ಟುಕೊಡುವ ಎರಡೆಕರೆ ರೈತನ ಮುಂದೆ ಹೇಗೆ ನಡೆದುಕೊಂಡೀತು?

ಇನ್ನು ಮಾಧ್ಯಮ. ಪಕ್ಷಪಾತ ಅಂದಾಗ ನಾವು ನಿರೂಪಕರ ಕೂಗಾಟದ ಬಗ್ಗೆ ಮಾತಾಡುತ್ತೇವೆ. ನನ್ನ ಪ್ರಕಾರ ನೋಡಬೇಕಾದದ್ದು ಲೈಸೆನ್ಸ್ ಮತ್ತು ಜಾಹೀರಾತು.

ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಅಂದಿನಿಂದ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲ, ಈಗ ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಅಷ್ಟೇ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಜಾಮ್ ಆಗಿದೆ ಅಂತ ಆರ್‌ಜೆ ಹೇಳಬಹುದು; ಅಲ್ಲಿನ ಕಾಮಗಾರಿಯ ಟೆಂಡರ್ ಬಗ್ಗೆ ತನಿಖೆ ಮಾಡಿ ವರದಿ ಹೇಳುವ ಹಾಗಿಲ್ಲ. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. 1908ರ ಅನುಮತಿ ಪತ್ರಕ್ಕೂ ಎಫ್ಎಂ ಸುದ್ದಿಯ ಮೇಲಿನ ಈ ನಿರ್ಬಂಧಕ್ಕೂ ತತ್ವದಲ್ಲಿ ಯಾವ ವ್ಯತ್ಯಾಸವೂ ನನಗೆ ಕಾಣುವುದಿಲ್ಲ.

ಜಾಹೀರಾತಿನದು ಇನ್ನೂ ಸೂಕ್ಷ್ಮ. ಮುಖಪುಟದ ಜಾಕೆಟ್ ಜಾಹೀರಾತು ನಮ್ಮ ಕಣ್ಣಿಗೆ ಬೀಳುತ್ತದೆ, ಒಳಪುಟದ ಟೆಂಡರ್ ಪ್ರಕಟಣೆ ಬೀಳುವುದಿಲ್ಲ. ಸಣ್ಣ ಪತ್ರಿಕೆ ಉಸಿರಾಡುವುದು ಆ ಟೆಂಡರ್ ಪ್ರಕಟಣೆಯಲ್ಲಿ. ಬರೆದರೆ ಜಾಹೀರಾತು ನಿಲ್ಲಿಸುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹಳೆಯ ಬಿಲ್ಲನ್ನು ತಡೆದಿಟ್ಟರೆ ಸಾಕು. ಖಾಸಗಿ ಬಿಲ್ಡರ್ ಜಾಹೀರಾತಿನಿಂದಲೂ ಪಕ್ಷಪಾತ ಬರುತ್ತದೆ, ನಿಜ. ಆದರೆ ಬಿಲ್ಡರ್ ಖರ್ಚು ಮಾಡುವುದು ಅವನ ದುಡ್ಡು. ಸರ್ಕಾರ ಖರ್ಚು ಮಾಡುವುದು ನಮ್ಮ ದುಡ್ಡು, ನಮಗೆ ಸುದ್ದಿ ಸಿಗದಂತೆ ಮಾಡಲಿಕ್ಕೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ತಿಂಗಳು ಒಂದೇ ಪತ್ರಿಕೆ ತೆಗೆದುಕೊಂಡು ಸರ್ಕಾರಿ ಜಾಹೀರಾತನ್ನು ಸ್ಕೇಲಿನಲ್ಲಿ ಅಳೆಯಿರಿ, ಕಾಲಂ ಸಂಖ್ಯೆ ಗುಣಿಸು ಎತ್ತರ. ಎಂಟು ಕಾಲಮ್ಮಿನ ಪುಟ 50 ಸೆಂ.ಮೀ. ಎತ್ತರ ಇದ್ದರೆ ಒಂದು ಪುಟಕ್ಕೆ 400 ಕಾಲಂ ಸೆಂಟಿಮೀಟರ್. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ, 10 ರೂಪಾಯಿ ಶುಲ್ಕ, ಆನ್‌ಲೈನ್‌ನಲ್ಲೂ ಆಗುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಪ್ರಶ್ನೆ ಕೇಳುವ ರೀತಿಯಲ್ಲೇ. “ಆ ಪತ್ರಿಕೆಗೆ ಯಾಕೆ ಕಡಿಮೆ ಕೊಟ್ಟಿರಿ” ಅಂತ ಕೇಳಿದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಅಂತ ತಳ್ಳಿಹಾಕುತ್ತಾರೆ. ದಾಖಲೆಯನ್ನೇ ಕೇಳಿ: ಇಂಥ ಹಣಕಾಸು ವರ್ಷದಲ್ಲಿ ಜಾಹೀರಾತು ಪಡೆದ ಪತ್ರಿಕೆಗಳ ಹೆಸರು, ಬಿಡುಗಡೆ ಆದೇಶದ ದಿನಾಂಕ, ಬಿಲ್ ಮೊತ್ತ, ಪಾವತಿಯಾದ ದಿನಾಂಕ. ನಿಗಮ, ಮಂಡಳಿಗಳಿಗೆ ಬೇರೆ ಬೇರೆ ಅರ್ಜಿ ಹಾಕಿ. “ಮಾಹಿತಿ ಬೃಹತ್ತಾಗಿದೆ” ಅಂದರೆ ಕಡತ ಪರಿಶೀಲನೆಗೆ ದಿನ ಕೇಳಿ, ಅದೂ ನಿಮ್ಮ ಹಕ್ಕೇ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಪಟ್ಟಿ ಕೈಗೆ ಬಂದಾಗ ಮೊತ್ತ ನೋಡಿ ಮಡಚಿಡಬೇಡಿ. ಆದೇಶದ ದಿನಾಂಕದಿಂದ ಪಾವತಿಯ ದಿನಾಂಕಕ್ಕೆ ಯಾವ ಪತ್ರಿಕೆಗೆ ಎಷ್ಟು ತಿಂಗಳು ಹಿಡಿದಿದೆ ಎಂದು ಅದರ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ.